ತೊಗಲು ತೋರಿಸಿದ ಮೇಲೆ

ನಮ್ಮ ಕಡೆ ಆಡನ್ನು ಪಾಲಿಗೆ ಕೊಡುವ ರೂಢಿ ಇದೆ. ಆಡು ಒಬ್ಬಳದು, ಮೇಯಿಸುವವಳು ಇನ್ನೊಬ್ಬಳು. ಮರಿ ಹಾಕಿದರೆ ಅರ್ಧ ಇವಳಿಗೆ, ಅರ್ಧ ಅವಳಿಗೆ. ಆಡು ಸತ್ತರೆ ಲುಕ್ಸಾನು ಒಡತಿಯದು. ಮೇಯಿಸುವವಳು ತೊಗಲು ಸುಲಿದು ತಂದು ತೋರಿಸಬೇಕು, ಅಷ್ಟೇ. ಕಳೆದುಹೋದರೆ ಮಾತ್ರ ಮೇಯಿಸುವವಳ ಹೊಣೆ. ಯಾಕೆಂದರೆ ಅವಳ ಕೈಯಲ್ಲಿ ತೊಗಲು ಇರುವುದಿಲ್ಲ, ಕಳೆದುಕೊಂಡಳೋ ಮಾರಿಕೊಂಡಳೋ ಯಾರು ನೋಡಿದ್ದಾರೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಬೀಳಗಿ ಕಡೆಯ ನನ್ನ ತವರೂರಿನಲ್ಲಿ ನನ್ನ ತಾಯಿ ಹೀಗೆಯೇ ಕೊಡುತ್ತಿದ್ದಳು. ಮುಧೋಳದ ಹತ್ತಿರ ಈ ಊರಿಗೆ ಬಂದ ಮೇಲೆ ನಾನೂ ಹೀಗೆಯೇ ಕೊಟ್ಟೆ.

ಎದುರು ಮನೆಯವಳಿಗೆ ಒಂದು ಆಡು ಕೊಟ್ಟಿದ್ದೆ. ನನಗೆ ಮೊಣಕಾಲು ಹಿಡಿದು ಅಡ್ಡಾಡಿ ಮೇಯಿಸುವುದು ಆಗುತ್ತಿರಲಿಲ್ಲ. ಅವಳು ಕಳೆ ತೆಗೆಯಲು, ಕಬ್ಬಿನ ಒಣ ಗರಿಯ ರವದಿ ಆರಿಸಲು ಊರವರ ಹೊಲಕ್ಕೆ ಹೋಗುತ್ತಾಳೆ, ಆಡು ಬದುವಿನಲ್ಲಿ ಮೇಯುತ್ತದೆ. ನನ್ನನ್ನು ಅತ್ತಿ ಎನ್ನುತ್ತಾಳೆ, ನೆಂಟಸ್ತಿಕೆ ಏನೂ ಇಲ್ಲ. ಗಂಡ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಉಳಿದ ದಿನ ಮಲಗುತ್ತಾನೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳದು ಎನ್ನುವ ಒಂದು ಕೋಳಿಯೂ ಇರಲಿಲ್ಲ. ಇದ್ದದ್ದೆಲ್ಲ ಮೊದಲು ಗಂಡನ ತಾಯಿಯದು, ಆಮೇಲೆ ಗಂಡನದು.

ಆಡು ಮೊದಲ ಸೂಲಿಗೆ ಒಂದೇ ಮರಿ ಹಾಕಿತು, ಅದೂ ಗಂಡು. ಒಂದನ್ನು ಕೊಯ್ದು ಹಂಚಲು ಬರುವುದಿಲ್ಲ. ಮಹಾಲಿಂಗಪುರದ ಸಂತೆಯಲ್ಲಿ ಮಾರಿ ಬಂದದ್ದನ್ನು ಹಂಚಿಕೊಂಡೆವು. ಎರಡನೆಯ ಸಲ ಹೊಟ್ಟೆ ಅಗಲವಾಗಿ ಬಂತು. ಅವಳು ದಿನಾ ಕೈಯಾಡಿಸಿ ನೋಡಿ ಎರಡು ಇವೆ ಎನ್ನುತ್ತಿದ್ದಳು. ಹೆಣ್ಣು ಮರಿ ತನ್ನ ಪಾಲಿಗೆ ಬಂದರೆ ಮಾರುವುದಿಲ್ಲ, ಕಟ್ಟಿಕೊಳ್ಳುತ್ತೇನೆ ಎಂದಳು. ಅಂದದ್ದಷ್ಟೇ ಅಲ್ಲ, ಅಂಗಳದಲ್ಲಿ ಹಳೆಯ ಗೂಟದಿಂದ ದೂರ ಇನ್ನೊಂದು ಗೂಟ ಬಡಿದಳು. ಹಳೆಯದು ನನ್ನ ಆಡಿಗೆ, ಹೊಸದು ಅವಳ ಆಡಿಗೆ. ಹುಟ್ಟದ ಮರಿಗೆ ಗೂಟ ಯಾಕೆ ಎಂದು ಕೇಳಿದೆ.

"ಗೂಟ ಏನ ತಿಂತೈತಿ ಅತ್ತಿ? ಇರಲಿ ಬಿಡು."

ಆ ಆಡು ಒಬ್ಬರ ಬೆಳೆಗೆ ಬಾಯಿ ಹಾಕಿದಾಗ ನಮಗಿಬ್ಬರಿಗೂ ಒಂದು ಅನುಕೂಲ ಇತ್ತು. ಹೊಲದವನು ಕೂಗುತ್ತ ಬಂದರೆ ಅವಳು, ಆಡು ನನ್ನದಲ್ಲ, ಎದುರು ಮನೆಯ ಅತ್ತಿಯದು, ಅಲ್ಲಿ ಕೇಳಿ ಎನ್ನುತ್ತಿದ್ದಳು. ಅವನು ನನ್ನ ಬಾಗಿಲಿಗೆ ಬಂದರೆ ನಾನು, ಕಾಯುವವಳು ಅವಳು, ಮನೆಯಲ್ಲಿ ಕೂತವಳಿಗೆ ಏನು ಗೊತ್ತು ಎನ್ನುತ್ತಿದ್ದೆ. ಈ ಬಾಗಿಲು ಆ ಬಾಗಿಲು ಎಂದು ಅಡ್ಡಾಡುವಷ್ಟರಲ್ಲಿ ಅವನ ಸಿಟ್ಟು ಇಳಿಯುತ್ತಿತ್ತು, ಎಮ್ಮೆ ಹಿಂಡುವ ಹೊತ್ತಾಗುತ್ತಿತ್ತು, ಹೋಗುತ್ತಿದ್ದ. ನಾವು ಆಮೇಲೆ ನಗುತ್ತಿದ್ದೆವು.

ಆ ದಿನಗಳಲ್ಲೇ ನಾಯಿ ಬಂತು.

ತಂದವನು ನಮ್ಮ ಊರಿನ ಹಳೆಯ ಮನೆತನದವನು. ಈಗ ಜಮಖಂಡಿಯ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಾನೆ. ಊರೆಲ್ಲ ಸರ್ ಎನ್ನುತ್ತದೆ. ಅವನು ಹುಟ್ಟಿದಾಗ ಎಣ್ಣೆ ಹಚ್ಚಿ ಎರೆದವಳು ನಾನು, ಆದ್ದರಿಂದ ತಮ್ಮಾ ಎನ್ನುತ್ತೇನೆ. ಅವನು, ಅವನ ಹೆಂಡತಿಯ ತಮ್ಮ, ಇನ್ನೊಬ್ಬ ಗೆಳೆಯ ಮೂವರೂ ಕೂಡಿ ಮುಧೋಳ ನಾಯಿಯ ಮರಿ ಮಾರುವ ಕಂಪನಿ ತೆಗೆದಿದ್ದರು. ಈ ನಾಯಿಗೆ ಈಗ ದೂರದೂರದ ಗಿರಾಕಿ ಬರುತ್ತಾರೆ. ತಿಮ್ಮಾಪುರದಲ್ಲಿ ಸರಕಾರದವರು ಬೆಳೆಸುತ್ತಾರೆ, ಸುತ್ತಲ ಊರಲ್ಲಿ ಜನ ಬೆಳೆಸುತ್ತಾರೆ. ಇವರ ಹತ್ತಿರ ನಾಯಿ ಇದ್ದವು, ಕಟ್ಟುವ ಜಾಗ ಇರಲಿಲ್ಲ. ಊರಿನ ಕೆಲವು ಹೆಂಗಸರಿಗೆ ಒಂದೊಂದು ಹೆಣ್ಣು ನಾಯಿಯನ್ನು ಪಾಲಿಗೆ ಕೊಟ್ಟರು. ಕಾಳು, ಔಷಧ, ಸೂಜಿ ಕಂಪನಿಯದು. ಸಾಕುವುದು ನಮ್ಮದು. ಮರಿ ಅರ್ಧ ಅರ್ಧ.

ಅವನು ನಮ್ಮನ್ನು ಶಾಲೆಯ ಪಡಸಾಲೆಯಲ್ಲಿ ಕೂಡಿಸಿ ಕರಾರಿನ ಕಾಗದ ಪೂರ್ತಿ ಓದಿ ಹೇಳಿದ. ಮುಚ್ಚಿಟ್ಟದ್ದು ಏನೂ ಇರಲಿಲ್ಲ, ಇದನ್ನು ಹೇಳಲೇಬೇಕು. ನಾಯಿ ಸತ್ತರೆ ಲುಕ್ಸಾನು ಕಂಪನಿಯದು ಎಂದು ಓದಿದ, ತಲೆಯಾಡಿಸಿದೆವು. ಕಳೆದರೆ ಸಾಕಿದವರದು ಎಂದ, ಅದಕ್ಕೂ ತಲೆಯಾಡಿಸಿದೆವು. ನಮ್ಮ ಆಡಿನ ಮಾತೇ ಇದು ಎಂದುಕೊಂಡೆವು. ಆಮೇಲೆ, ನಾಯಿ ಸಾಕಿದವರ ವಶದಲ್ಲಿ ಇದ್ದಾಗ ಬೇರೆಯವರಿಗೆ ಹಾನಿ ಮಾಡಿದರೆ ಕಂಪನಿ ಹೊಣೆಯಲ್ಲ ಎಂದೂ ಓದಿದ. ಅಷ್ಟರಲ್ಲಿ ತಲೆಯಾಡಿಸುವುದು ರೂಢಿಯಾಗಿತ್ತು. ನಾಯಿ ಸತ್ತರೆ ತೊಗಲು ತರಬೇಕೇನು ಎಂದು ಒಬ್ಬಳು ಕೇಳಿದಳು. ಫೋಟೋ ಸಾಕು ಎಂದ. ಎಲ್ಲರೂ ನಕ್ಕೆವು. ನಾಯಿ ಸತ್ತರೆ ಏನು ಎಂದು ಕೇಳಿದ ನಾವು, ನಾಯಿ ಕೊಂದರೆ ಏನು ಎಂದು ಕೇಳಲಿಲ್ಲ. ಆಡು ಯಾರನ್ನೂ ಕೊಲ್ಲುವುದಿಲ್ಲ. ನಮ್ಮ ವಿಚಾರ ಆಡು ಹೋಗುವಷ್ಟು ದೂರ ಹೋಗಿ ನಿಂತಿತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಸಹಿ ಮಾಡಿದೆ.

ನಾಯಿ ತೆಳ್ಳಗೆ, ಉದ್ದ ಕಾಲಿನದು, ಹೊಟ್ಟೆ ಬೆನ್ನಿಗೆ ಅಂಟಿದಂತೆ. ಮುದುಕಿ ಉಣ್ಣಿಸುವುದಿಲ್ಲ ಎಂದು ಹೊಸಬರು ಆಡಿಕೊಂಡರು. ಹಾಲು ಹಾಕಿದ ನುಚ್ಚು ತಿಂದು ಮುಗಿಸುತ್ತಲೇ ಹಗ್ಗ ಎಟಕುವ ತನಕ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಕಾಲಡಿಯ ಮಣ್ಣು ಸವೆದು ದಾರಿ ಬಿತ್ತು. ಕಣ್ಣು ಮಾತ್ರ ಯಾವಾಗಲೂ ದೂರ, ಊರ ಹೊರಗಿನ ಹೊಲದ ಮೇಲೆ. ಅದನ್ನು ನೋಡಿ ನೋಡಿ ನನಗೂ ಒಂದು ಕಡೆ ಕೂರುವುದು ಆಗದಾಯಿತು. ಜೋಳ ಹಸನು ಮಾಡಲು ಕೂತರೆ ನಡುವೆ ಎದ್ದು ಹೋಗಿ ಹಗ್ಗ ಮುಟ್ಟಿ ಬರುತ್ತಿದ್ದೆ. ಗಬ್ಬವಾದ ಮೇಲೆ ಅದರ ಅಡ್ಡಾಟ ಇನ್ನೂ ಹೆಚ್ಚಾಯಿತು.

ಒಂದು ಸಂಜೆ ಎದುರು ಮನೆಯವಳು ಆಡು ಹೊಡೆದುಕೊಂಡು ಬರುತ್ತಿದ್ದಳು. ಹಿಂದೆ ಒಂದು ಮೋಟರ್ ಸೈಕಲ್ ಹಾರ್ನ್ ಹೊಡೆಯಿತು. ಆಡು ಬೆದರಿ ಓಡಿತು. ಓಡುವುದನ್ನು ಕಂಡರೆ ಈ ನಾಯಿ ನಿಲ್ಲುವುದಿಲ್ಲ. ಇದರ ಕೊರಳು ದಪ್ಪ, ತಲೆ ಸಣ್ಣದು. ಹಿಂದಕ್ಕೆ ಜಗ್ಗಿ ಪಟ್ಟಿಯೊಳಗಿಂದ ತಲೆ ಜಾರಿಸಿಕೊಂಡಿತು. ನಾನು ಬಾಗಿಲಲ್ಲೇ ಇದ್ದೆ. ಕೂಗುವಷ್ಟರಲ್ಲಿ ಆಡಿನ ಗಂಟಲು ಹಿಡಿದಾಗಿತ್ತು. ಬಡಿಗೆ ತಂದು ಹೊಡೆದು ಬಿಡಿಸಿದೆವು. ಬಿಡಿಸಿದಾಗ ಆಡಿನಲ್ಲಿ ಜೀವ ಇರಲಿಲ್ಲ. ಹೊಟ್ಟೆ ಮಾತ್ರ ಒಳಗಿನಿಂದ ಇನ್ನೂ ಅಲುಗುತ್ತಿತ್ತು. ಅವಳು ಅದರ ಮೇಲೆ ಕೈ ಇಟ್ಟುಕೊಂಡು ದಾರಿಯಲ್ಲೇ ಕೂತಳು, ಅಲುಗುವುದು ನಿಲ್ಲುವ ತನಕ.

ಮರುದಿನ ಮುಂಜಾನೆ ತೊಗಲು ತಂದು ನನ್ನ ಕಟ್ಟೆಯ ಮೇಲೆ ಹಾಸಿದಳು.

"ನಿನ್ನ ಆಡ ಸತ್ತೈತಿ ಅತ್ತಿ. ತೊಗಲ ನೋಡಕೋ."

"ನೋಡಿದ್ನಿ. ಲುಕ್ಸಾನ ನಂದು. ನಿನ್ನ ಮ್ಯಾಲೆ ಏನೂ ಇಲ್ಲ," ಎಂದೆ.

"ಮತ್ತ ನನ್ನ ಮರಿ?"

"ಹುಟ್ಟಲಾರದ್ದಕ್ಕ ಪಾಲ ಎಲ್ಲಿಂದ ಬರ್ತೈತಿ ಬೇ? ಆಡ ನಂದ ಹೋತು. ನಾ ಯಾರನ್ನ ಕೇಳ್ಲಿ?"

"ಕೊಂದದ್ದ ನಿನ್ನ ನಾಯಿ."

"ನಾಯಿ ಕಂಪನೀದು."

ಅವಳು ನನ್ನ ಮೋರೆ ನೋಡಿದಳು. "ಕಂಪನಿ ಮನಿ ಎಲ್ಲೈತಿ ಹೇಳು. ಹೋಗಿ ಕೇಳ್ತೀನಿ."

ಜಮಖಂಡಿಯಲ್ಲಿ ಎಂದೆ. ಅವಳು ಕೂಲಿ ಬಿಟ್ಟು ಜಮಖಂಡಿಗೆ ಹೋಗುವವಳಲ್ಲ ಎಂದು ನನಗೆ ಗೊತ್ತಿತ್ತು. ತೊಗಲನ್ನು ಅಲ್ಲೇ ಬಿಟ್ಟು ಹೋದಳು.

ಅಲ್ಲಿಂದ ಮುಂದೆ ಅವಳು ಮಾತು ಬಿಟ್ಟಳು. ಜಗಳ ಆಡಿದ್ದರೆ ನಾನು ಗೆಲ್ಲುತ್ತಿದ್ದೆ. ಆಡಲಿಲ್ಲ. ಮುಂಜಾನೆ ನಾನು ಕಸ ಹೊಡೆಯುವಾಗ ಅವಳು ಅಂಗಳ ಸಾರಿಸುತ್ತಿರುತ್ತಾಳೆ, ಎರಡು ಗೂಟಗಳ ಸುತ್ತ ಗುಂಡಗೆ ಸಾರಿಸಿ ಮುಂದೆ ಹೋಗುತ್ತಾಳೆ. ಆಡಿಲ್ಲದ ಮನೆಗೆ ಎರಡು ಗೂಟ ಯಾತಕ್ಕೆ, ಕಿತ್ತು ಒಲೆಗೆ ಹಾಕಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಅವಳು ಕೀಳಲಿಲ್ಲ. ನಾನು ಬಾಗಿಲು ಮುಂದಕ್ಕೆ ಎಳೆದು ಕೂತೆ, ಸೆಖೆಗೆ ಮತ್ತೆ ತೆಗೆದೆ. ಊಟ ಸೇರಲಿಲ್ಲ. ಒಳಗೆ ನಾನು, ಹೊರಗೆ ನಾಯಿ, ಇಬ್ಬರದೂ ಒಂದೇ ಅಡ್ಡಾಟ. ಕಡೆಗೆ ಒಂದು ದಿನ ಸೀರೆ ಬದಲಿಸಿ ಜಮಖಂಡಿಯ ಬಸ್ಸು ಹತ್ತಿದೆ.

ಅವನ ಮನೆಯ ಮಾಳಿಗೆಯ ಮೇಲೆ ಕಂಪನಿ ಇತ್ತು. ಒಂದು ಮೇಜು, ಒಂದು ಫ್ಯಾನು, ಗೋಡೆಗೆ ನಾಯಿಯ ದೊಡ್ಡ ಚಿತ್ರ. ಚಹಾ ಕೊಡಿಸಿದ. ಮೊಣಕಾಲು ಹೇಗಿದೆ ಎಂದು ವಿಚಾರಿಸಿದ. ನಡೆದದ್ದನ್ನು ಹೇಳಿದೆ. ಮರಿ ಬಂದರೆ ಅರ್ಧ ತೆಗೆದುಕೊಳ್ಳುವವರು, ಹಾನಿ ಬಂದರೂ ಅರ್ಧ ತೆಗೆದುಕೊಳ್ಳಬೇಕು, ಎದುರು ಮನೆಯವಳಿಗೆ ಒಂದು ಆಡು ಕಟ್ಟಿಕೊಡಬೇಕು, ಅರ್ಧ ನಾನು ಹಾಕುತ್ತೇನೆ ಎಂದೆ. ಅವನು ಕನ್ನಡಕ ತೆಗೆದು ಒರೆಸಿದ.

"ನಾ ಹಾಕಬೌದು ಆಯಿ, ನನ್ನ ಕಿಸೆದಾಗಿಂದ. ಆದ್ರ ಕಂಪನಿ ಹಾಕಾಕ ಬರಂಗಿಲ್ಲ. ಕಂಪನಿ ಅಂದ್ರ ನಾ ಅಲ್ಲ. ಅದು ಬ್ಯಾರೆ ಒಬ್ಬ ಮನಷ್ಯಾ ಇದ್ದಂಗ. ನಾವು ಮೂರೂ ಮಂದಿ ಸತ್ರೂ ಅದು ಇರ್ತೈತಿ. ಅದರ ಆಸ್ತಿ ಅದಕ್ಕ, ಅದರ ಸಾಲ ಅದಕ್ಕ."

"ಉಣ್ಣತೈತೇನು?" ಎಂದೆ.

ನಕ್ಕ. ಕಾಲೇಜಿನ ಹುಡುಗರೂ ಇಂಥದ್ದೇ ಕೇಳುತ್ತಾರೆ ಎಂದ. ಆಮೇಲೆ ಸಾವಕಾಶ ತಿಳಿಸಿ ಹೇಳಿದ. ಮೂವರೂ ಕಂಪನಿಯಲ್ಲಿ ಇಷ್ಟಿಷ್ಟು ಎಂದು ಹಾಕಿದ್ದಾರೆ. ಧಂದೆ ಮುಳುಗಿದರೆ ಹಾಕಿದ್ದು ಮುಳುಗುತ್ತದೆ. ಅವನ ಮನೆಗೆ, ಹೆಂಡತಿಯ ಮೈಮೇಲಿನ ಬಂಗಾರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಹಾಗೊಂದು ಗೋಡೆ ಇಲ್ಲದಿದ್ದರೆ ಸಂಬಳದವನು ಯಾವನೂ ಧಂದೆಗೆ ಕೈ ಹಾಕುವುದಿಲ್ಲ. ಕೈ ಹಾಕದಿದ್ದರೆ ನಿನ್ನ ಅಂಗಳಕ್ಕೆ ನಾಯಿಯೂ ಬರುತ್ತಿರಲಿಲ್ಲ ಎಂದ. ಯಾವ ಧಂದೆಯಲ್ಲೂ ಏನೋ ಒಂದು ಕೆಡುಕು ಕಾದಿರುತ್ತದೆ, ಅದಕ್ಕೇ ರಿಸ್ಕ್ ಎನ್ನುವುದು. ಯಾವ ರಿಸ್ಕ್ ಯಾರ ಮೇಲೆ ಎಂದು ಮೊದಲೇ ಗೊತ್ತುಮಾಡಬೇಕು. ನಾಯಿಯನ್ನು ತಡೆಯುವುದು ಯಾರ ಕೈಯಲ್ಲಿದೆಯೋ ಅವರ ಮೇಲೆ ಆ ಹೊಣೆ.

"ಮರಿ ಹಾಕೂಮುಂದೂ ಹಗ್ಗ ನನ್ನ ಕೈಯಾಗ ಇರ್ತೈತಲ್ಲೋ ತಮ್ಮಾ. ಆವಾಗ ಅರ್ಧಾ ಯಾಕ?"

"ಯಾಕಂದ್ರ ನಾಯಿಯ ಮಾಲಕಿ ಹಕ್ಕ ಕಂಪನೀದು."

ಒಂದು ಉಪಾಯ ಹೇಳುತ್ತೇನೆ ಎಂದ. ನನ್ನ ಪಾಲಿನ ಮರಿಗಳನ್ನು ಬಿಟ್ಟುಕೊಟ್ಟರೆ ಅಷ್ಟಕ್ಕೆ ಕಂಪನಿಯಲ್ಲಿ ನನಗೆ ಶೇರು ಕೊಡುತ್ತಾರಂತೆ. ನಾನೂ ಮಾಲಕರಲ್ಲಿ ಒಬ್ಬಳು. ಕಂಪನಿ ಬೆಳೆದರೆ ಶೇರೂ ಬೆಳೆಯುತ್ತದೆ. ಇಳಿದರೆ ಎಂದು ಕೇಳಿದೆ. ಇಳಿಯುತ್ತದೆ ಎಂದ. ಮರಿಯಾದರೆ ಕಣ್ಣಿಗೆ ಕಾಣುತ್ತದೆ, ಶೇರನ್ನು ಎಲ್ಲಿ ಕಟ್ಟಲಿ ಎಂದು ಬೇಡ ಎಂದೆ. ತನ್ನ ಕಿಸೆಯಿಂದ ಕೊಡಲು ಬಂದದ್ದನ್ನೂ ಬೇಡ ಎಂದೆ. ಅವನು ದಾನ ಮಾಡಿ ದೊಡ್ಡವನಾಗುವುದು, ನಾನು ಅದನ್ನು ಅವಳ ಕೈಗಿಡುವುದು, ನನಗೆ ಸರಿ ಬರಲಿಲ್ಲ. ಹೊಸ ಅಗಲ ಪಟ್ಟಿ ಒಂದನ್ನು ಮಾತ್ರ ತೆಗೆದುಕೊಂಡೆ, ಅದು ನಾಯಿಗೆ ಬೇಕಾದದ್ದು.

ಬಸ್ಸಿನಲ್ಲಿ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಕಾಡಿದ್ದು ಅದೇ. ರಬಕವಿಯಲ್ಲಿ ನನ್ನ ತಂಗಿಯ ಮಗ ಸಾಹುಕಾರನ ನೂಲು ತಂದು ತನ್ನ ಮಗ್ಗದ ಮೇಲೆ ಸೀರೆ ನೇಯ್ದು ಕೊಡುತ್ತಾನೆ. ನೂಲು ಸಾಹುಕಾರನದು, ಸೀರೆಯೂ ಸಾಹುಕಾರನದು, ಎಣ್ಣೆಯ ಕಲೆ ಬಿದ್ದರೆ ಮಾತ್ರ ಆ ಸೀರೆ ಇವನದು. ಅದನ್ನು ಅವನು ಹೇಳಿದಾಗಲೆಲ್ಲ ನಾನು ಸಾಹುಕಾರನನ್ನು ಬೈದಿದ್ದೇನೆ. ಎದುರು ಮನೆಯವಳಿಗೆ ನಾನು ಏನು ಹೇಳಿದ್ದೆ? ತೊಗಲು ನೋಡಿದೆ, ಲುಕ್ಸಾನು ನನ್ನದು, ಮುಗಿಯಿತು. ಅದೂ ಸುಳ್ಳಲ್ಲ, ನಮ್ಮ ರೂಢಿ ಹಾಗೆಯೇ ಇದೆ. ಅವನಿಗೆ ಕಂಪನಿ ಇತ್ತು, ನನಗೆ ತೊಗಲು ಇತ್ತು. ಇಬ್ಬರೂ ಅದರ ಮರೆಗೆ ನಿಂತು ಮಾತಾಡಿದ್ದೆವು. ಅವಳಿಗೆ ಮರೆ ಎನ್ನುವುದು ಏನೂ ಇರಲಿಲ್ಲ, ಬರೀ ಗೂಟ.

ಇದರಿಂದ ನನಗೆ ಅವಳ ಮೇಲೆ ಮರುಕ ಹುಟ್ಟಿತು ಎಂದು ಯಾರೂ ತಿಳಿಯಬಾರದು. ಕಿರಿಕಿರಿ ಹುಟ್ಟಿತು. ಚಪ್ಪಲಿಯೊಳಗೆ ಹರಳು ಹೊಕ್ಕರೆ ಹರಳಿನ ಮೇಲೆ ಯಾರಿಗೂ ಪ್ರೀತಿ ಬರುವುದಿಲ್ಲ, ತೆಗೆಯುವ ತನಕ ನಡೆಯಲು ಬರುವುದಿಲ್ಲ, ಅಷ್ಟೇ.

ನಾಯಿ ಮರಿ ಹಾಕಿತು. ಕಣ್ಣು ಬಿಟ್ಟು, ಹಾಲು ಬಿಟ್ಟು, ಅಂಗಳ ತುಂಬ ಹರಿದಾಡುವಷ್ಟಾದ ಮೇಲೆ ಭಾನುವಾರ ಅವನು ಕಾರು ತಂದ. ಮೊದಲು ಆರಿಸುವ ಹಕ್ಕು ಕಂಪನಿಯದು, ಛಲೋ ಬಣ್ಣದವು ಹೋದವು. ಕರಾರಿನಲ್ಲಿ ಒಂದು ಸಾಲು ಸೇರಿಸು, ನಾಯಿ ಮಾಡಿದ ಹಾನಿಯೂ ಅರ್ಧ ಅರ್ಧ ಎಂದು, ಇಲ್ಲದಿದ್ದರೆ ಮುಂದಿನ ಸೂಲಿಗೆ ನಾಯಿಯನ್ನು ನಿನ್ನ ಮಾಳಿಗೆಯ ಮೇಲೆ ಕಟ್ಟಿಕೋ ಎಂದೆ. ಮೂವರೂ ಕೂತು ವಿಚಾರ ಮಾಡಬೇಕು ಎಂದ. ಅವರು ಇನ್ನೂ ಕೂತಿಲ್ಲ.

ನನ್ನ ಪಾಲಿನದರಲ್ಲಿ ಒಂದು ಹೆಣ್ಣು ಮರಿ ಬಲು ಚುರುಕು. ಕುರಿ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ಕುರುಬನೊಬ್ಬ ಅದನ್ನು ಕಂಡು ನಿಂತ. ತೋಳದ ಕಾಟಕ್ಕೆ ನಾಯಿ ಬೇಕಾಗಿತ್ತು ಅವನಿಗೆ. ರೊಕ್ಕ ಬೇಡ, ಆಡು ಕೊಡು ಎಂದೆ. ಇನ್ನೂ ಸೂಲು ಕಾಣದ ಒಂದು ಹೆಣ್ಣಾಡು ಕೊಟ್ಟ. ಕುಂಟು ಇದೆಯೇ ಎಂದು ನಡೆಸಿ ನೋಡಿದೆ, ಕಿವಿ ನೋಡಿದೆ, ಹಗ್ಗ ಹಿಡಿದು ರಸ್ತೆ ದಾಟಿದೆ.

ಎದುರು ಮನೆಯವಳು ರೊಟ್ಟಿ ಬಡಿಯುತ್ತಿದ್ದಳು. ಏಳಲಿಲ್ಲ.

"ಪಾಲಿಗೇನು?" ಎಂದಳು. ಅಷ್ಟು ದಿನಗಳ ಮೇಲೆ ಮೊದಲ ಮಾತು.

"ಅಲ್ಲ. ನಿಂದು."

"ಪೂರ್ತಾ?"

"ಪೂರ್ತಾ. ಸತ್ರ ನಿಂದು, ಕಳದ್ರ ನಿಂದು. ತೊಗಲ ತಂದು ನನಗ ತೋರ್ಸಬ್ಯಾಡ."

ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಆಡಿನ ಬಾಯಿ ಬಿಡಿಸಿ ಹಲ್ಲು ನೋಡಿದಳು. ಇದು ಆ ಆಡಿನಷ್ಟು ಎತ್ತರ ಇಲ್ಲ ಎಂದಳು. ಉಪಕಾರ ಗಿಪಕಾರ ಎಂದು ಹೇಳಲಿಲ್ಲ, ಹೇಳಿದ್ದರೆ ನನಗೂ ಸೇರುತ್ತಿರಲಿಲ್ಲ. ಹೊಸ ಗೂಟಕ್ಕೆ ಕಟ್ಟಿದಳು. ನಾನು ಮನೆಗೆ ಬಂದು ಎರಡು ರೊಟ್ಟಿ ತಿಂದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗೊಂಜಾಳ, ಅದೇ ಮೆಕ್ಕೆಜೋಳ, ಎದೆಮಟ್ಟ ಬಂದ ಕಾಲಕ್ಕೆ ಒಂದು ಮಧ್ಯಾಹ್ನ ಅವಳು ಓಡುತ್ತ ಬಂದಳು.

"ಅತ್ತಿ, ಆಡ ಗೊಂಜಾಳದಾಗ ಹೊಕ್ಕಿತ್ತು. ಹೊಲದಾಂವ ಹಿಡದ ಕಟ್ಯಾನ. ಬಾ."

"ನಾ ಯಾಕ ಬರ್ಲಿ? ಆಡ ನಿಂದು."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೊದಲು ಆ ಬಾಗಿಲಿಗೆ ಈ ಬಾಗಿಲಿಗೆ ಎಂದು ಅವನನ್ನು ಅಡ್ಡಾಡಿಸುತ್ತಿದ್ದೆವಲ್ಲ, ಈಗ ಇದ್ದದ್ದು ಒಂದೇ ಬಾಗಿಲು. ಅದು ಅವಳಿಗೆ ಆವಾಗ ಹೊಳೆದಿತ್ತು.

"ಅರ್ಧಾ ಪಾಲ ತಗೋ ಅತ್ತಿ."

"ತಗೊಂಡ್ರ ಮರಿನೂ ಅರ್ಧಾ ನಂದು."

ಏದುಸಿರು ಬಿಡುತ್ತಲೇ ವಿಚಾರ ಮಾಡಿದಳು.

"ಮರಿಯೊಳಗ ಬ್ಯಾಡ. ಜಗಳದಾಗ ಅಷ್ಟ."

ಇಂಥ ಪಾಲನ್ನು ಜಮಖಂಡಿಯವನೂ ಓದಿ ಹೇಳಿರಲಿಲ್ಲ. ನನಗೆ ನಗು ಬಂತು, ತೋರಿಸಲಿಲ್ಲ. ಬೈದುಕೊಳ್ಳುತ್ತ ಚಪ್ಪಲಿ ಮೆಟ್ಟಿದೆ.

ಆಡನ್ನು ಬೇವಿನ ಗಿಡಕ್ಕೆ ಕಟ್ಟಿದ್ದ. ಬಾಯಿಂದ ಇನ್ನೂ ಎಲೆ ಜೋತಾಡುತ್ತಿತ್ತು. ಹೊಲದವನು ನಮ್ಮಿಬ್ಬರನ್ನೂ ನೋಡಿದ.

"ಯಾರದ ಇದು? ಇಕಿ ಅಕೀದು ಅಂತಾಳ, ಅಕಿ ಇಕೀಗೆ ಕೇಳು ಅಂತಾಳ. ಈ ಸಲ ನಾ ಅಡ್ಡಾಡಾಂವ ಅಲ್ಲ. ಒಬ್ಬಾಕಿ ಹೇಳ್ರಿ."

ಅವಳು ನನ್ನ ಕಡೆ ನೋಡಿದಳು. ನಾನು ಆಡಿನ ಕಡೆ ನೋಡಿದೆ. ಅತ್ತಿಯದು ಎಂದು ಅವಳು ಹೇಳಿಬಿಟ್ಟಿದ್ದರೆ ಅವನು ನಂಬುತ್ತಿದ್ದ. ಇಷ್ಟು ದಿನ ಹಾಗೆಯೇ ಇತ್ತು, ಊರಿಗೆಲ್ಲ ಗೊತ್ತಿತ್ತು. ನಾನೂ ಅಲ್ಲ ಎನ್ನುತ್ತಿರಲಿಲ್ಲ, ಆದರೆ ಅವಳ ಬಾಯಿಂದ ಒಮ್ಮೆ ಆ ಮಾತು ಹೊರಟರೆ ಆಡು ಮತ್ತೆ ನನ್ನ ಗೂಟಕ್ಕೆ ಬರುತ್ತಿತ್ತು. ಅವಳು ಹೊಲದವನ ಕಡೆ ತಿರುಗಿದಳು.

"ನಂದ್ರಿ," ಎಂದಳು. ಆಮೇಲೆ ಇನ್ನೊಮ್ಮೆ, ಗಟ್ಟಿಯಾಗಿ, "ನನ್ನ ಆಡ್ರಿ ಅದು."

ಹೊಲದವನು ಬೈದ. ಅಡ್ಡಾಡಿಸಲು ಎರಡನೆಯ ಬಾಗಿಲು ಇಲ್ಲದ್ದರಿಂದ ಅವನ ಸಿಟ್ಟು ಬೇಗ ಇಳಿಯಲಿಲ್ಲ, ಮುಗಿಯುವ ತನಕ ಬೈದ. ಇಷ್ಟು ಹಾಳಾಗಿದೆ, ಏನು ಮಾಡುತ್ತಿ ಎಂದು ಕೇಳಿದ. ಅವಳು ಒಂದು ದಿನ ಕೂಲಿ ಇಲ್ಲದೆ ಕಳೆ ತೆಗೆದುಕೊಡುತ್ತೇನೆ ಎಂದಳು. ಅವನು ಎರಡು ದಿನ ಎಂದ. ಅವಳು ತಿಂದ ಸಾಲು ತೋರಿಸಿ, ಇಷ್ಟಕ್ಕೆ ಎರಡು ದಿನವೇ ಎಂದು ವಾದಕ್ಕೆ ನಿಂತಳು. ನಾನು ಪಕ್ಕದಲ್ಲಿ ನಿಂತಿದ್ದೆ. ಮುದುಕಿಯಾಗಿ ಬುದ್ಧಿ ಹೇಳಬಾರದೇ ಎಂದು ನನಗೂ ಅಷ್ಟಿಷ್ಟು ಬೈಗುಳ ಬಿತ್ತು. ಆ ಪಾಲನ್ನು ತೆಗೆದುಕೊಂಡೆ. ಕಡೆಗೆ ಒಂದೇ ದಿನಕ್ಕೆ ಒಪ್ಪಿದ.

ಬರುವಾಗ ಅವಳು ಆಡಿನ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ದಾರಿಯುದ್ದಕ್ಕೂ ಆಡಿಗೆ ಬೈದಳು, ನಿನ್ನಿಂದ ನನಗೆ ಒಂದು ದಿನದ ದುಡಿತ ಹೋಯಿತು, ನೀನು ನನಗೇ ಗಂಟು ಬೀಳಬೇಕಿತ್ತೇ ಎಂದು. ಹಿಂದೆ ನನ್ನ ಆಡಿಗೆ ಅವಳು ಹಾಗೆ ಬೈದದ್ದನ್ನು ನಾನು ಕೇಳಿಲ್ಲ. ಅಂಗಳಕ್ಕೆ ಹೋಗಿ ಹೊಸ ಗೂಟಕ್ಕೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದಳು. ನಾನು ಈ ಕಡೆ ಬಂದು ನಾಯಿಯ ಕೊರಳ ಪಟ್ಟಿಯೊಳಗೆ ಬೆರಳು ತೂರಿಸಿ ಜಗ್ಗಿ ನೋಡಿದೆ. ಬಿಗಿ ಇತ್ತು. ನಾಯಿ ನನ್ನ ಕಡೆ ತಿರುಗಲಿಲ್ಲ. ರಸ್ತೆಯ ಆಚೆ, ಹೊಸ ಗೂಟದ ಹತ್ತಿರ, ಅದರ ಕಣ್ಣು ನೆಟ್ಟಿತ್ತು. ಇನ್ನೊಮ್ಮೆ ಜಗ್ಗಿ ನೋಡಿದೆ.